ಗಂಧದ ಸಾಬೂನು ಮತ್ತು ಕ್ಷೌರದ ನೊರೆ

ಬೆಂಗಳೂರಿನ ವಿಶ್ವೇಶ್ವರಪುರಂ ಯಾರ ಹೆಸರನ್ನು ಹೊತ್ತಿದೆಯೆಂದು ನಿಮಗೆ ಗೊತ್ತು. ಮೈಸೂರಿನ ಗಂಧದ ಸಾಬೂನಿಗೂ ಅದೇ ದಿವಾನರಿಗೂ ಇರುವ ನಂಟು ಗೊತ್ತೆ?

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮೈಸೂರಿನ ಶ್ರೀಗಂಧದ ಕೊರಡುಗಳು ಯೂರೋಪಿಗೆ ಹೋಗದೆ ರಾಶಿಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಸಲು ನಿಶ್ಚಯಿಸಿದರು. 1916ರಲ್ಲಿ ಆ ಕೆಲಸ ಆರಂಭವಾಯಿತು. ರಸಾಯನ ವಿಜ್ಞಾನಿ ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆ ಕಲಿತು ಬಂದರು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸೋಪ್ ಹೊರಬಂತು.

ಪರಿಮಳ ಗಂಧದ್ದು, ಆದರೆ ಸಾಬೂನು ಹುಟ್ಟುವುದು ಎಣ್ಣೆ ಮತ್ತು ಕ್ಷಾರ ಸೇರಿದಾಗ. ಕಾಸ್ಟಿಕ್ ಸೋಡಾ ಹಾಕಿದರೆ ಗಟ್ಟಿ ಬಿಲ್ಲೆ. ಕಾಸ್ಟಿಕ್ ಪೊಟ್ಯಾಷ್ ಹಾಕಿದರೆ ಮೆದು ಸಾಬೂನು. ಕ್ಷೌರದ ಸಾಬೂನಿಗೆ ಪೊಟ್ಯಾಷ್ ಸೇರಿಸುವುದರಿಂದ ಅದರ ನೊರೆ ದಟ್ಟವಾಗಿ ನಿಲ್ಲುತ್ತದೆ. ಸ್ನಾನದ ಸಾಬೂನಿನ ನೊರೆ ಬೇಗ ಒಣಗುತ್ತದೆ. ಆಗ ಬ್ಲೇಡು ಚರ್ಮವನ್ನು ಗೀರುತ್ತದೆ.

ಹೊಸದಾಗಿ ಗಡ್ಡ ತೆಗೆಯುವ ವಿದ್ಯಾರ್ಥಿಗಳೇ, ಮೊದಲು ಬೆಚ್ಚಗಿನ ನೀರಿನಲ್ಲಿ ಗಡ್ಡ ನೆನೆಸಿ. ಕೂದಲನ್ನು ಮೆದುಗೊಳಿಸುವುದು ನೀರು, ಪರಿಮಳವಲ್ಲ. ಕೂದಲು ಬೆಳೆದ ದಿಕ್ಕಿನಲ್ಲೇ ಬ್ಲೇಡು ಆಡಿಸಿ. ಹಾಸ್ಟೆಲಿನ ಗೆಳೆಯನ ಬ್ಲೇಡನ್ನಂತೂ ಮುಟ್ಟಬೇಡಿ. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಲ್ಲದು.