ಹುರುಳಿ ಕಾಳಿಗೊಂದು ಬಾಗಿಲು



ರಾತ್ರಿ ಹುರುಳಿ ನೆನೆಹಾಕಿ ಬೆಳಿಗ್ಗೆ ನೋಡಿದರೆ ಹೆಚ್ಚಿನ ಕಾಳುಗಳು ಉಬ್ಬಿ ಮೆತ್ತಗಾಗಿರುತ್ತವೆ. ಪಾತ್ರೆಯ ತಳದಲ್ಲಿ ನಾಲ್ಕೈದು ಕಾಳು ಮಾತ್ರ ಹಾಕಿದ ಹಾಗೆಯೇ ಇರುತ್ತವೆ. ಬಸ್ಸಾರಿನ ಪಲ್ಯದಲ್ಲಿ ಅಂಥದ್ದೊಂದು ಹಲ್ಲಿಗೆ ಸಿಕ್ಕರೆ ‘ಕಲ್ಲು’ ಎಂದು ಗೊಣಗುತ್ತೇವೆ. ಆದರೆ ಅದು ಎಷ್ಟೋ ಸಲ ಜೀವ ಇರುವ ಕಾಳೇ. ಬಾಗಿಲು ಹಾಕಿಕೊಂಡು ಕುಳಿತಿರುತ್ತದೆ, ಅಷ್ಟೆ. ಆ ಬಾಗಿಲನ್ನು ಹುಡುಕಿದವರ ಕಥೆ ಸ್ವಾರಸ್ಯವಾಗಿದೆ.

ಬೀಜ ಎಷ್ಟು ಕಾಲ ಹೀಗೆ ಕಾಯಬಲ್ಲದು? 1793ರಲ್ಲಿ ಬ್ರಿಟನ್ನಿನ ರಾಯಭಾರಿ ತಂಡದೊಡನೆ ಚೀನಾಕ್ಕೆ ಹೋಗಿದ್ದ ಸರ್ ಜಾರ್ಜ್ ಸ್ಟಾಂಟನ್ ರೇಷ್ಮೆ ಮರದ ಬೀಜಗಳನ್ನು ತಂದಿದ್ದರು. ನಮ್ಮ ಬಾಗೆ ಮರದ ಹತ್ತಿರದ ನೆಂಟ ಅದು. ಆ ಬೀಜಗಳು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಒಣಗಿಸಿದ ಗಿಡಗಳ ನಡುವೆ ಸುಮ್ಮನೆ ಉಳಿದವು. 1940ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬಾಂಬು ಬಿದ್ದು ಅಲ್ಲಿನ ಸಸ್ಯವಿಭಾಗಕ್ಕೆ ಬೆಂಕಿ ಹತ್ತಿತು. ನೀರು ಹಾಯಿಸಿ ಬೆಂಕಿ ಆರಿಸಿದರು. ಕೆಲವು ದಿನಗಳಲ್ಲಿ, ನೆನೆದ ಆ ಬೀಜಗಳಲ್ಲಿ ಕೆಲವು ಮೊಳೆತಿದ್ದವು! 147 ವರ್ಷಗಳ ನಿದ್ದೆ ಮುಗಿದಿತ್ತು.

ಇಷ್ಟು ವರ್ಷ ನೀರನ್ನು ಹೊರಗಿಟ್ಟದ್ದು ಬೀಜದ ಸಿಪ್ಪೆ. ಅದರಲ್ಲಿ ಉದ್ದನೆಯ ಕೋಶಗಳು ಒತ್ತೊತ್ತಾಗಿ ನೆಟ್ಟ ಗಳುಗಳ ಬೇಲಿಯಂತೆ ನಿಂತಿರುತ್ತವೆ. ಹದಿನೇಳನೆಯ ಶತಮಾನದ ಇಟಲಿಯ ವಿಜ್ಞಾನಿಯ ನೆನಪಿಗೆ ಇವನ್ನು ಮಾಲ್ಪಿಘಿ ಕೋಶಗಳು ಎನ್ನುತ್ತಾರೆ. ಈ ಬೇಲಿಯಲ್ಲಿ ಎರಡು ಸೂಕ್ಷ್ಮ ಜಾಗಗಳಿವೆ. ಒಂದು, ಕಾಳು ಕಾಯಿಗೆ ಅಂಟಿಕೊಂಡಿದ್ದ ಗುರುತು. ಅಲಸಂದೆಯ ಕಪ್ಪು ಕಣ್ಣಿನ ನಡುವೆ ಅದು ಚೆನ್ನಾಗಿ ಕಾಣುತ್ತದೆ. ಇನ್ನೊಂದು, ಅದರ ಪಕ್ಕದಲ್ಲೇ ಇರುವ ಸಣ್ಣ ಉಬ್ಬು. ಸಸ್ಯವಿಜ್ಞಾನಿಗಳು ಇದನ್ನು ಲೆನ್ಸ್ ಎನ್ನುತ್ತಾರೆ.

1932ರಲ್ಲಿ ಹ್ಯಾಮ್ಲಿ ಎಂಬ ವಿಜ್ಞಾನಿ ಮೆಲಿಲೋಟಸ್ ಎಂಬ ಮೇವಿನ ಗಿಡದ ಬೀಜಗಳನ್ನು ಜೋರಾಗಿ ಕುಲುಕಿದರೆ ಆ ಉಬ್ಬಿನಲ್ಲಿ ಕೋಶಗಳು ಬಿರುಕು ಬಿಟ್ಟು, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆಂದು ತೋರಿಸಿದರು. ಕಾಯಿಗೆ ಅಂಟಿದ್ದ ಗುರುತಿನ ಕೆಲಸವನ್ನು 1954ರಲ್ಲಿ ಹೈಡ್ ಎಂಬವರು ಕ್ಲೋವರ್ ಮತ್ತು ಲೂಪಿನ್ ಬೀಜಗಳಲ್ಲಿ ವಿವರಿಸಿದರು. ಗಾಳಿ ಒಣಗಿದ್ದಾಗ ಅದು ತೆರೆದು ಒಳಗಿನ ತೇವವನ್ನು ಹೊರಬಿಡುತ್ತದೆ. ಗಾಳಿ ತೇವವಾದೊಡನೆ ಮುಚ್ಚಿಕೊಳ್ಳುತ್ತದೆ. ಹೀಗೆ ಬೀಜ ಒಣಗುತ್ತಾ ಹೋಗುತ್ತದೆ, ಮತ್ತೆ ತೇವವಾಗುವುದಿಲ್ಲ. 1980ರಲ್ಲಿ ರೇಷ್ಮೆ ಮರದ್ದೇ ಬಳಗದ ಇನ್ನೊಂದು ಬೀಜದಲ್ಲಿ, ಬಿಸಿ ತಾಗಿದಾಗ ಆ ಉಬ್ಬು ಬಿರಡೆಯಂತೆ ಕಿತ್ತುಬರುವುದು ಕಂಡಿತು. ಜಾಲಿಯಂಥ ಬೀಜಗಳನ್ನು ಬಿತ್ತುವ ಮೊದಲು ನರ್ಸರಿಗಳಲ್ಲಿ ಬಿಸಿನೀರಿಗೆ ಹಾಕುವುದು ಈ ಕಾರಣಕ್ಕೇ.

ಕಾಡಿನಲ್ಲಿ ಈ ಗಟ್ಟಿತನ ಒಳ್ಳೆಯದು. ಒಂದು ಅಕಾಲ ಮಳೆಗೆ ಎಲ್ಲ ಬೀಜವೂ ಮೊಳೆತು ಒಣಗಿಹೋಗುವುದಿಲ್ಲ. ರೈತನಿಗೆ ಮಾತ್ರ ಅದು ತೊಂದರೆ. ಬಿತ್ತಿದ್ದು ಒಟ್ಟಿಗೆ ಹುಟ್ಟಬೇಕು, ಒಟ್ಟಿಗೆ ಕೊಯ್ಲಿಗೆ ಬರಬೇಕು.

ಇಲ್ಲಿ ಕಥೆ ನಮ್ಮ ನಾಡಿಗೆ ಬರುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಹುರುಳಿ ಸಿಕ್ಕಿದೆ. 2017ರಲ್ಲಿ ಚಾರ್ಲೀನ್ ಮರ್ಫಿ ಮತ್ತು ಡೋರಿಯನ್ ಫುಲ್ಲರ್ ದಕ್ಷಿಣ ಭಾರತದ ಉತ್ಖನನಗಳಲ್ಲಿ ದೊರೆತ ಹಳೆಯ ಹುರುಳಿಯನ್ನು, ಒಡೆಯದೆಯೇ, ಪ್ರಬಲ ಎಕ್ಸ್-ರೇ ಕಿರಣಗಳಿಂದ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಕ್ರಿ.ಪೂ. 2000ದಿಂದ 1200ರ ನಡುವೆ ಸಿಪ್ಪೆ ಹಂತಹಂತವಾಗಿ ತೆಳುವಾಗಿತ್ತು. ಬೇಗ ಮೊಳೆಯುವ ಕಾಳನ್ನೇ ಆದಿಯಲ್ಲಿ ಕಾಡಿನಿಂದ ಆರಿಸಿ ತಂದಿರಬೇಕೆಂಬ ಹಳೆಯ ಊಹೆಗೆ ಇದು ಹೊಂದಲಿಲ್ಲ. ಬಿತ್ತಿದ್ದರಲ್ಲಿ ಹುಟ್ಟಿದ್ದನ್ನು ಕೊಯ್ದು, ಅದನ್ನೇ ಮುಂದಿನ ವರ್ಷದ ಬೀಜಕ್ಕೆ ಎತ್ತಿಟ್ಟು, ಹೆಸರು ತಿಳಿಯದ ನಮ್ಮ ಹಿರಿಯರು ಎಂಟು ನೂರು ವರ್ಷ ಆ ಬಾಗಿಲನ್ನು ಸಡಿಲಿಸಿದ್ದರು.

ಮುಂದಿನ ಸಲ ನೆನೆಯದ ಕಾಳು ಸಿಕ್ಕರೆ ಎಸೆಯಬೇಡಿ. ಸ್ಯಾಂಡ್‌ಪೇಪರಿನಿಂದ ಸಿಪ್ಪೆಯನ್ನು ಒಂದು ಕಡೆ ಮೆಲ್ಲಗೆ ಉಜ್ಜಿ, ಮತ್ತೆ ನೀರಿಗೆ ಹಾಕಿ, ಮಕ್ಕಳಿಗೆ ತೋರಿಸಿ. ಹಳೆಯ ಕಾಡಿನ ಬುದ್ಧಿ ಬಿಡದ ಕಾಳದು. ಬಾಗಿಲು ತೆರೆದರೆ ಅದೂ ಉಬ್ಬುತ್ತದೆ.