ಕಾಫಿ ಪಾತ್ರೆಯಿಂದ ಕಾವಲಿಗೆ

ಕಾಫಿ ಖಾಲಿಯಾಗಿದೆಯೇ? ಇದನ್ನು ಕೂತಲ್ಲೇ ತಿಳಿಯಲು 1991ರಲ್ಲಿ ಕೇಂಬ್ರಿಡ್ಜ್‌ನ ಕಂಪ್ಯೂಟರ್ ಪ್ರಯೋಗಾಲಯದ ಸಂಶೋಧಕರು ಪಾತ್ರೆಯತ್ತ ಕ್ಯಾಮೆರಾ ತಿರುಗಿಸಿಟ್ಟರು. ಮಸುಕಾದ ಕಪ್ಪು-ಬಿಳುಪು ಚಿತ್ರ ಜಾಲದ ಮೂಲಕ ಅವರ ಪರದೆಗಳಿಗೆ ಬರುತ್ತಿತ್ತು. 1993ರಲ್ಲಿ ಅದು ವೆಬ್‌ಗೂ ಏರಿತು.

ಆ ಕ್ಯಾಮೆರಾಕ್ಕೆ ಕಂಪ್ಯೂಟರಿನ ಆಸರೆ ಬೇಕಿತ್ತು. ಆಸರೆಯಿಲ್ಲದೆ ನೇರವಾಗಿ ಜಾಲಕ್ಕೆ ಸೇರುವ ಮೊದಲ ಕ್ಯಾಮೆರಾ 'ನೆಟ್‌ಐ 200'. ಸ್ವೀಡನ್ನಿನ ಲುಂಡ್ ನಗರದ ಆಕ್ಸಿಸ್ ಕಂಪನಿ ಅದನ್ನು 1996ರಲ್ಲಿ ಹೊರತಂದಿತು. ದೊಡ್ಡ ಗಾತ್ರದ ಒಂದು ಚಿತ್ರ ಕಳಿಸಲು ಅದಕ್ಕೆ ಸುಮಾರು 17 ಸೆಕೆಂಡು ಹಿಡಿಯುತ್ತಿತ್ತು. ಕಳ್ಳನನ್ನು ಹಿಡಿಯಲು ಆ ವೇಗ ಸಾಲದು.

ಆಗಿನ ಅಂಗಡಿ, ಬ್ಯಾಂಕುಗಳಲ್ಲಿ ವಿಡಿಯೊ ಕ್ಯಾಸೆಟ್‌ನದೇ ಆಳ್ವಿಕೆ. ಒಂದೇ ಟೇಪಿನಲ್ಲಿ ಇಡೀ ದಿನವನ್ನು ತುಂಬಲು ಚಿತ್ರಗಳನ್ನು ಬಿಟ್ಟುಬಿಟ್ಟು ದಾಖಲಿಸುತ್ತಿದ್ದರು. ಮತ್ತೆಮತ್ತೆ ಬಳಸಿ ಸವೆದ ಟೇಪಿನಲ್ಲಿ ಮುಖಗಳು ಅಳಿಸಿಹೋಗುತ್ತಿದ್ದವು. ಹಾರ್ಡ್‌ಡಿಸ್ಕ್ ಇರುವ ದಾಖಲೆಯಂತ್ರ ಡಿವಿಆರ್ ಈ ತೊಂದರೆ ನೀಗಿಸಿತು.

ಜಾಲದ ಕ್ಯಾಮೆರಾಗಳು ಮನೆಮಾತಾಗಲು ಎರಡು ಹೆಜ್ಜೆಗಳು ಬೇಕಾದವು. 2003ರ ಪಿಒಇ ಮಾನದಂಡದಿಂದ ಒಂದೇ ಕೇಬಲ್‌ನಲ್ಲಿ ವಿದ್ಯುತ್ತೂ ಚಿತ್ರವೂ ಹರಿದವು. 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಕಟ್ಟಿದ ಆನ್‌ವಿಫ್ ಒಕ್ಕೂಟದಿಂದಾಗಿ ಒಂದು ಕಂಪನಿಯ ಕ್ಯಾಮೆರಾ ಇನ್ನೊಂದರ ಜಾಲ-ದಾಖಲೆಯಂತ್ರ ಎನ್‌ವಿಆರ್‌ಗೆ ಹೊಂದಿಕೊಂಡಿತು.

ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಕಡ್ಡಾಯ ಮಾಡಿ, ದೃಶ್ಯಗಳನ್ನು 30 ದಿನ ಉಳಿಸಲು ಹೇಳಿತು. ಹಾಗಾಗಿ ಖರೀದಿಗೆ ಮುನ್ನ ಲೆಕ್ಕ ಹಾಕಲೇಬೇಕು: ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ತುಂಬುತ್ತದೆ. ಅಂಥ ನಾಲ್ಕು ಕ್ಯಾಮೆರಾಗಳ ತಿಂಗಳ ದಾಖಲೆಗೆ 5 ಟಿಬಿಗೂ ಮಿಕ್ಕ ಜಾಗ ಬೇಕು.