ಜಪಾನಿನ ವಿದ್ಯಾಶಾಲೆಗಳಲ್ಲಿ ಇಂಗ್ಲಿಷು ಭಾಷೆ

ಜಪಾನೀಯ ಬಾಲಕನೊಬ್ಬನು ಪ್ರೌಢಶಾಲೆಯನ್ನು ಮುಗಿಸುವ ವೇಳೆಗೆ ಆರು ವರ್ಷಗಳಿಗೆ ಕಡಮೆಯಿಲ್ಲದೆ ಇಂಗ್ಲಿಷನ್ನು ಅಭ್ಯಾಸಮಾಡಿರುತ್ತಾನೆ. ಆದರೂ ಪರದೇಶದವನೊಬ್ಬನು ಎದುರಾಗಿ ದಾರಿಯನ್ನು ಕೇಳಿದರೆ ಉತ್ತರ ಹೇಳಲು ತಡವರಿಸುವವರೇ ಬಹುಮಂದಿಯೆಂದು ಆ ದೇಶದವರೇ ಹೇಳಿಕೊಳ್ಳುವುದುಂಟು. ವ್ಯಾಕರಣದ ಸೂಕ್ಷ್ಮಗಳನ್ನು ಬಲ್ಲವನಿಗೆ ಮಾತು ಬಾರದಿರುವುದೇಕೆ? ಇದು ಉಪಾಧ್ಯಾಯರ ದೋಷವೆ, ವಿದ್ಯಾರ್ಥಿಗಳ ಸಂಕೋಚವೆ, ಅಥವಾ ಇದಕ್ಕೆ ಬೇರೊಂದು ಕಾರಣವುಂಟೆ? ಇದನ್ನು ತಿಳಿಯಬೇಕಾದರೆ ಆ ಭಾಷೆಯು ಜಪಾನಿಗೆ ಬಂದ ಚರಿತ್ರೆಯನ್ನೇ ನೋಡಬೇಕು.

ಐರೋಪ್ಯರಲ್ಲಿ ಡಚ್ಚರ ಹೊರತು ಇನ್ನಾರಿಗೂ ಪ್ರವೇಶವಿಲ್ಲದೆ ಜಪಾನು ಬಾಗಿಲು ಮುಚ್ಚಿಕೊಂಡಿದ್ದ ಕಾಲವದು. 1808ರಲ್ಲಿ ಫೇಟನ್ ಎಂಬ ಆಂಗ್ಲರ ಯುದ್ಧನೌಕೆಯು ಡಚ್ಚರ ಬಾವುಟವನ್ನು ಹಾರಿಸಿಕೊಂಡು ನಾಗಸಾಕಿ ಬಂದರನ್ನು ಹೊಕ್ಕು, ಎದುರುಗೊಳ್ಳಲು ಬಂದ ಡಚ್ಚರನ್ನು ಸೆರೆಹಿಡಿದು, ಆಹಾರಸಾಮಗ್ರಿಗಳನ್ನು ಕಿತ್ತುಕೊಂಡು ಹೊರಟುಹೋಯಿತು. ಆ ಅವಮಾನವನ್ನು ತಾಳಲಾರದೆ ಅಲ್ಲಿನ ಅಧಿಕಾರಿಯಾದ ಮತ್ಸುದೈರಾ ಯಾಸುಹಿದೆಯವರು ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷವೇ ಡಚ್ಚು ದುಭಾಷಿಗಳು ಇಂಗ್ಲಿಷನ್ನೂ ಕಲಿಯತಕ್ಕದ್ದೆಂದು ಸರಕಾರದ ಆಜ್ಞೆಯಾಯಿತು. 1814ರಲ್ಲಿ ಸುಮಾರು ಆರು ಸಾವಿರ ಶಬ್ದಗಳ ಇಂಗ್ಲಿಷು ಕೋಶವೊಂದು ಸಿದ್ಧವಾಯಿತು. ಹೀಗೆ ಈ ವಿದ್ಯೆಯು ಮೊದಲು ಹುಟ್ಟಿದುದು ಜಿಜ್ಞಾಸೆಯಿಂದಲ್ಲ, ಭಯದಿಂದ.

1848ರಲ್ಲಿ ರಾನಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ ತರುಣನು ತಿಮಿಂಗಿಲ ಬೇಟೆಯ ಹಡಗಿನಿಂದ ಚಿಕ್ಕ ದೋಣಿಯೊಂದರಲ್ಲಿಳಿದು, ನೌಕಾಭಂಗಕ್ಕೆ ಸಿಕ್ಕಿದವನಂತೆ ನಟಿಸಿ, ಉತ್ತರದ ರಿಶಿರಿ ದ್ವೀಪವನ್ನು ಸೇರಿದನು. ಅವನ ತಂದೆ ಸ್ಕಾಟ್ಲೆಂಡಿನವನು. ತಾಯಿ ಅಮೆರಿಕಾ ಖಂಡದ ಮೂಲನಿವಾಸಿಗಳಾದ ಚಿನೂಕ್ ಜನಾಂಗದವಳು. ಅವನನ್ನು ಬಂಧಿಸಿ ನಾಗಸಾಕಿಗೆ ಒಯ್ದರು. ಅಲ್ಲಿ ಹದಿನಾಲ್ಕು ಮಂದಿ ದುಭಾಷಿಗಳು ಸೆರೆಯಲ್ಲಿದ್ದ ಅವನ ಶಿಷ್ಯರಾಗಿ ಇಂಗ್ಲಿಷಿನ ಉಚ್ಚಾರಣೆಯನ್ನು ಕಲಿತರು. ಅವರಲ್ಲೊಬ್ಬರಾದ ಮೊರಿಯಾಮಾ ಎಂಬವರು 1854ರಲ್ಲಿ ಅಮೆರಿಕೆಯ ನೌಕಾಧಿಪತಿ ಪೆರಿಯೊಡನೆ ನಡೆದ ಸಂಧಿಯ ಮಾತುಕತೆಯಲ್ಲಿ ದುಭಾಷಿಗಳಾಗಿದ್ದರು. ಸೆರೆಯಾಳೇ ಗುರುವಾದ ಇಂಥ ಪಾಠಶಾಲೆಯು ಅಪೂರ್ವವಾದುದು.

1868ರಲ್ಲಿ ಮೇಜಿ ಯುಗವು ಆರಂಭವಾದ ಮೇಲೆ ಪಾಶ್ಚಾತ್ಯ ವಿದ್ಯೆಯ ದಾಹವು ತೀವ್ರವಾಯಿತು. ಪರದೇಶಗಳ ಅಧ್ಯಾಪಕರು ಬಂದರು. ಸಪ್ಪೊರೋ ನಗರದಲ್ಲಿ 1876ರಲ್ಲಿ ಸ್ಥಾಪಿತವಾದ ಕೃಷಿವಿದ್ಯಾಲಯದಂತಹ ಕಡೆಗಳಲ್ಲಿ ಪಾಠಗಳೇ ಇಂಗ್ಲಿಷಿನಲ್ಲಿ ನಡೆದುವು. ಇದಕ್ಕೂ ಮುಂಚೆ, 1872ರಲ್ಲಿ, ಅಮೆರಿಕೆಯಲ್ಲಿ ರಾಜಪ್ರತಿನಿಧಿಯಾಗಿದ್ದ ಮೊರಿ ಅರಿನೊರಿಯವರು ಸರಳಗೊಳಿಸಿದ ಇಂಗ್ಲಿಷನ್ನೇ ಜಪಾನಿನಲ್ಲಿ ಬಳಕೆಗೆ ತರಬಹುದೆ ಎಂದು ಯೇಲ್ ವಿದ್ಯಾಲಯದ ವಿಟ್ನಿ ಪಂಡಿತರಿಗೆ ಪತ್ರ ಬರೆದು ಕೇಳಿದರು. ಈ ವಿಟ್ನಿಯವರೇ ಮುಂದೆ 1879ರಲ್ಲಿ ಸಂಸ್ಕೃತ ವ್ಯಾಕರಣವನ್ನು ಪ್ರಕಟಿಸಿ ಪ್ರಸಿದ್ಧರಾದವರು. ಜನಸಾಮಾನ್ಯರಿಗೆ ವಿದ್ಯೆಯು ಮುಟ್ಟಬೇಕಾದರೆ ಅದು ಮುಖ್ಯವಾಗಿ ಅವರ ಮಾತಿನ ಮೂಲಕವೇ ಮುಟ್ಟಬೇಕೆಂದು ಅವರು ಪ್ರತ್ಯುತ್ತರವಿತ್ತರು. ಪರಭಾಷೆಯನ್ನು ಕಲಿಸುವವನು ಸ್ವಭಾಷೆಯನ್ನು ಬಿಡಬೇಡಿರೆಂದು ಹೇಳಿದುದು ಸ್ಮರಣೀಯವಾದುದು.

ಮುಂದೆ ಜಪಾನೀಯರು ಹಿಡಿದ ಹಾದಿಯೂ ಅದೇ. ಗ್ರಂಥಗಳನ್ನು ಭಾಷಾಂತರಿಸಿದರು. ಕನ್ನಡದಲ್ಲಿ ಸಂಸ್ಕೃತ ಧಾತುಗಳಿಂದ ಪಾರಿಭಾಷಿಕ ಪದಗಳನ್ನು ಕಟ್ಟುವಂತೆ, ಅವರು ಚೀನೀ ಲಿಪಿಸಂಕೇತಗಳಿಂದ ಹೊಸ ಪದಗಳನ್ನು ಕಟ್ಟಿದರು. ತತ್ತ್ವಶಾಸ್ತ್ರಕ್ಕೆ 'ತೆತ್ಸುಗಾಕು' ಎಂಬ ಹೆಸರನ್ನು ನಿಶಿ ಅಮಾನೆಯವರು ಕೊಟ್ಟುದು ಹೀಗೆ. ಕ್ರಮೇಣ ಗಣಿತ, ಭೂಗೋಳ, ಚರಿತ್ರೆಗಳೆಲ್ಲವೂ ಜಪಾನೀ ಭಾಷೆಯಲ್ಲಿಯೇ ಬೋಧಿಸಲ್ಪಟ್ಟುವು. ಇಂಗ್ಲಿಷು ವಿದ್ಯೆಯ ವಾಹನವಾಗಿದ್ದುದು ಹೋಗಿ ಹಲವು ಪಾಠಗಳಲ್ಲಿ ಒಂದಾಯಿತು.

ಈ ಮಾರ್ಪಾಟಿನ ಫಲವನ್ನು ಕಣ್ಣಾರೆ ಕಂಡವರು ನತ್ಸುಮೆ ಸೋಸೆಕಿಯವರು. ಅವರು 1895ರಲ್ಲಿ ಮತ್ಸುಯಾಮಾ ಊರಿನ ಶಾಲೆಯಲ್ಲಿ ಇಂಗ್ಲಿಷು ಉಪಾಧ್ಯಾಯರಾಗಿದ್ದು, 1900ರಲ್ಲಿ ಸರಕಾರದ ವತಿಯಿಂದ ಲಂಡನಿಗೆ ಹೋಗಿಬಂದು, ಆ ಬಳಿಕ ಕಾದಂಬರಿಕಾರರಾಗಿ ಕೀರ್ತಿವೆತ್ತವರು. ವಿದ್ಯಾರ್ಥಿಗಳ ಇಂಗ್ಲಿಷು ಕುಗ್ಗುತ್ತಿದೆಯೆಂದು ಎಲ್ಲರೂ ಹಲುಬುತ್ತಿದ್ದಾಗ, 1911ರಲ್ಲಿ ಅವರು ಇದು ಜಪಾನಿನ ವಿದ್ಯಾಭ್ಯಾಸವು ಸರಿಯಾದ ದಾರಿಯಲ್ಲಿ ಮುಂದುವರಿದುದರ ಸಹಜಫಲವೆಂದು ಬರೆದರು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುವುದು ಆಂಗ್ಲರ ಅಧೀನವಾದ ಭಾರತದ ಸ್ಥಿತಿಯನ್ನು ನೆನಪಿಗೆ ತರುತ್ತದೆಂಬುದೂ ಅವರ ಅಭಿಪ್ರಾಯವಾಗಿದ್ದಿತು. ಭಾರತೀಯ ವಾಚಕರಿಗೆ ಈ ಮಾತು ಕಹಿಯಾಗಿ ತೋರಬಹುದು, ಸುಳ್ಳೆನ್ನುವುದು ಕಷ್ಟ.

ಬೋಧನೆಯ ಕ್ರಮವನ್ನು ನೋಡಿದರೆ ಮತ್ತೊಂದು ಕಾರಣವು ಹೊಳೆಯುತ್ತದೆ. ಜಪಾನೀಯರು ಬಹುಕಾಲದಿಂದ ಚೀನೀ ಗ್ರಂಥಗಳನ್ನು ಸಾಲಿನ ಪಕ್ಕದಲ್ಲಿ ಸಣ್ಣ ಗುರುತುಗಳನ್ನಿಟ್ಟು, ಪದಗಳನ್ನು ಹಿಂದುಮುಂದಾಗಿಸಿ, ತಮ್ಮ ಭಾಷೆಯ ಕ್ರಮದಲ್ಲಿ ಓದುತ್ತಿದ್ದರು. ಅದೇ ಅಭ್ಯಾಸವನ್ನು ಇಂಗ್ಲಿಷಿಗೂ ಹೊಂದಿಸಿ ಅದನ್ನು 'ಯಾಕುದೊಕು' ಎಂದು ಕರೆದರು. ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯಗಳ ಮೂಲಕ ಕಾವ್ಯಪಾಠವನ್ನು ಓದಿದವರಿಗೆ ಈ ಕ್ರಮವು ಅಪರಿಚಿತವಲ್ಲ. ಜಪಾನೀ ವಾಕ್ಯದಲ್ಲಿಯೂ ಕನ್ನಡದಂತೆ ಕರ್ಮವು ಮುಂದೆ, ಕ್ರಿಯಾಪದವು ಕೊನೆಗೆ. ಇಂಗ್ಲಿಷಿನಲ್ಲಿ ಕ್ರಿಯೆಯ ಬಳಿಕ ಕರ್ಮ. ಆದುದರಿಂದ ವಿದ್ಯಾರ್ಥಿಯ ಕಣ್ಣು ಸಾಲಿನ ತುದಿಯವರೆಗೆ ಹೋಗಿ ಹಿಂದಿರುಗಬೇಕು. ಅರ್ಥಗ್ರಹಣಕ್ಕೆ ಇದು ಸಾಕು. ಆದರೆ ಕಿವಿಗೆ ಬಿದ್ದ ಮಾತು ಹಿಂದಿರುಗುವವರೆಗೆ ಕಾದುನಿಲ್ಲುವುದಿಲ್ಲ.

ಈ ಕೊರತೆಯನ್ನು ನೀಗಲು 1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ಆಂಗ್ಲ ವಿದ್ವಾಂಸರು ಬಂದು, ಕಿವಿ ಬಾಯಿಗಳ ಮೂಲಕ ಕಲಿಸುವ ಮಾರ್ಗವನ್ನು ಪ್ರಚಾರಮಾಡಿ 1936ರವರೆಗೂ ದುಡಿದರು. ಆದರೆ ಪ್ರವೇಶಪರೀಕ್ಷೆಗಳು ಭಾಷಾಂತರವನ್ನೇ ಕೇಳುತ್ತಿದ್ದುದರಿಂದ ಉಪಾಧ್ಯಾಯರು ಹಳೆಯ ದಾರಿಯನ್ನು ಬಿಡಲಾಗಲಿಲ್ಲ. ಯುದ್ಧಕಾಲದಲ್ಲಿ ಇಂಗ್ಲಿಷು ಶತ್ರುಭಾಷೆಯೆನಿಸಿತು; 1942ರಲ್ಲಿ ಬಾಲಿಕೆಯರ ಪ್ರೌಢಶಾಲೆಗಳಲ್ಲಿ ಅದು ಐಚ್ಛಿಕವಾಯಿತು. 1945ರಲ್ಲಿ ಯುದ್ಧವು ಮುಗಿದ ಕೆಲವೇ ವಾರಗಳೊಳಗೆ ಮೂವತ್ತೆರಡು ಪುಟಗಳ ಸಂಭಾಷಣೆಯ ಕಿರುಹೊತ್ತಗೆಯೊಂದು ಪ್ರಕಟವಾಗಿ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದುವು. ಮರುವರ್ಷ ಹಿರಕಾವಾ ತದಾಇಚಿಯವರ ರೇಡಿಯೋ ಪಾಠವು ಮಕ್ಕಳ ಹಾಡೊಂದರ ಧಾಟಿಯಿಂದ ಆರಂಭವಾಗಿ ಮನೆಮನೆಯನ್ನೂ ಮುಟ್ಟಿತು.

1987ರಲ್ಲಿ ಸರಕಾರವು ನಾಲ್ಕು ದೇಶಗಳಿಂದ 848 ಮಂದಿ ತರುಣರನ್ನು ಕರೆಸಿತು. ಅವರಲ್ಲಿ ಬಹುಮಂದಿ ಶಾಲೆಗಳಲ್ಲಿ ಭಾಷಾಸಹಾಯಕರಾದರು. ಆ ಏರ್ಪಾಡು ಈಗಲೂ ನಡೆದುಬಂದಿದೆ. 2013ರಿಂದ ಪ್ರೌಢಶಾಲೆಯ ಇಂಗ್ಲಿಷು ಪಾಠವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ನಡೆಯತಕ್ಕದ್ದೆಂದು ವಿಧಿಸಲ್ಪಟ್ಟಿತು. 2020ರಿಂದ ಪ್ರಾಥಮಿಕ ಶಾಲೆಯ ಐದನೆಯ ತರಗತಿಗೇ ಅದು ಪಠ್ಯವಿಷಯವಾಯಿತು. ಒಂದು ಕಡೆ ಪರೀಕ್ಷೆ, ಇನ್ನೊಂದು ಕಡೆ ಸಂಭಾಷಣೆ; ಇವೆರಡರ ನಡುವೆ ಅಲ್ಲಿನ ಉಪಾಧ್ಯಾಯನು ಇಂದಿಗೂ ತೊಳಲುತ್ತಿದ್ದಾನೆ.

ದಾರಿ ಹೇಳಲು ತಡವರಿಸುವ ಆ ಬಾಲಕನ ನಾಚಿಕೆ ನಿಜವಾದುದು; ಅದನ್ನು ಪರಿಹರಿಸಲು ಮಾಡುವ ಯತ್ನವೂ ಯುಕ್ತವಾದುದು. ಆದರೆ ಪದಾರ್ಥವಿಜ್ಞಾನವನ್ನೂ ಚರಿತ್ರೆಯನ್ನೂ ಆತನು ತಾಯಿಯ ಮಾತಿನಲ್ಲಿ ಕಲಿತಿದ್ದಾನೆಂಬುದನ್ನು ಮರೆಯಲಾಗದು. 1835ರಿಂದ ಭಾರತದಲ್ಲಿ ಉಚ್ಚವಿದ್ಯೆಯು ಇಂಗ್ಲಿಷಿನ ಬಾಗಿಲಿನಿಂದಲೇ ಬರುವಂತಾಯಿತು. ಆ ಭಾಷೆಯನ್ನು ನಿರರ್ಗಳವಾಗಿ ಆಡುವವರು ಇಲ್ಲಿ ಅನೇಕರು. ಆದರೆ ಶಾಸ್ತ್ರವಿಷಯವೊಂದನ್ನು ತನ್ನ ತಾಯಿಗೆ ಕನ್ನಡದಲ್ಲಿ ತಿಳಿಯಹೇಳಬೇಕಾದಾಗ ಅವರಲ್ಲಿ ಎಷ್ಟೋ ಮಂದಿಗೆ ಮಾತು ತೋಚುವುದಿಲ್ಲ. ಈ ಎರಡು ಬಗೆಯ ತಡವರಿಕೆಗಳಲ್ಲಿ ಯಾವುದು ಹೆಚ್ಚಿನ ನಷ್ಟವೆಂಬುದನ್ನು ವಾಚಕರೇ ತೂಗಿ ನೋಡಬೇಕು.